ಎಂಟು ಬಾಯಿಯ ಕಂಚಿನ ಕೊಡ

ಪಾಂಡವಪುರ
10 ಜುಲೈ 2024

ಪ್ರೀತಿಯ ಅಣ್ಣನಿಗೆ ವೀಣಳ ನಮಸ್ಕಾರ.

ಮೊನ್ನೆ ನಾಗಮಂಗಲದಿಂದ ಹೊರಟಾಗ ನಾನು ತಿರುಗಿ ನೋಡಲಿಲ್ಲವೆಂದು ಬೇಜಾರು ಮಾಡಿಕೊಂಡಿದ್ದೀಯಂತೆ. ನಿನ್ನ ಮಗಳು ಭೂಮಿಕ ಫೋನಿನಲ್ಲಿ ಹೇಳಿದಳು. ನೀನು ಬಾಗಿಲಿಗೇ ಬರಲಿಲ್ಲವಲ್ಲ, ಯಾರನ್ನು ತಿರುಗಿ ನೋಡಲಿ? ನಾನಿದ್ದ ಎರಡು ದಿನವೂ ನೀನು ಕುಲುಮೆಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತಿದ್ದೆ. ಗಂಟಲಿನ ಆಪರೇಷನ್ನಿನಲ್ಲಿ ಹೋದದ್ದು ಧ್ವನಿ. ಕೈ ಎರಡೂ ನೆಟ್ಟಗಿವೆ.

ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ಎಂಟನೇ ಕ್ಲಾಸಿನಲ್ಲಿ ಚೀನಾದ ಪಾಠ ಶುರುಮಾಡಿದೆ. ಸಂತೋಷ್ ಅನ್ನುವವನು ಎದ್ದು ನಿಂತು, "ಚೀನಾ ಮಾಲು ಅಂದ್ರೆ ಡೂಪ್ಲಿಕೇಟು ಕಣ್ ಮಿಸ್ಸು, ಎಲ್ಡೇ ದಿನಕ್ಕೆ ಕೆಟ್ಟೋಯ್ತದೆ" ಅಂದ. ಇಡೀ ಕ್ಲಾಸು ನಕ್ಕಿತು. ನಿಮ್ಮ ಕೈಯಲ್ಲಿರುವ ಪುಸ್ತಕದ ಕಾಗದ ಚೀನಾದವರದು, ಅದರ ಮೇಲೆ ಅಕ್ಷರ ಒತ್ತುವ ವಿದ್ಯೆಯನ್ನು ಮೊದಲು ಕಂಡುಕೊಂಡವರೂ ಅವರೇ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಶಾಲೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಅದರಲ್ಲಿ ಚೀನಾದವರ ಹಳೆಯ ಯಂತ್ರಗಳ ಮಾದರಿ ಇಡಬೇಕು. ನನಗೆ ಮಾಡಿಕೊಡಲು ಇನ್ನು ಯಾರಿದ್ದಾರೆ?

ಮೊದಲು ಅವರ ತಿದಿ. ಚಿತ್ರ ಇಟ್ಟಿದ್ದೇನೆ. ನಮ್ಮದು ಚರ್ಮದ್ದು, ಒತ್ತಿದಾಗ ಮಾತ್ರ ಗಾಳಿ ಊದುತ್ತದೆ. ಅವರದು ಮರದ ಪೆಟ್ಟಿಗೆ. ಎಳೆದರೂ ಗಾಳಿ, ನೂಕಿದರೂ ಗಾಳಿ.

ಫೋನಿನ ಗಾಜು ನಿನ್ನ ಸುಟ್ಟ ಬೆರಳನ್ನು ಗುರುತು ಹಿಡಿಯುವುದಿಲ್ಲವೆಂದು ಗೊತ್ತು, ಕಾಗದ ಬರೆ. ಬಸ್ಸಿನ ಕಂಡಕ್ಟರ್ ಚಿಕ್ಕಸ್ವಾಮಿ ತಂದುಕೊಡುತ್ತಾನೆ.

ನಿನ್ನ ತಂಗಿ
ವೀಣ

*

ನಾಗಮಂಗಲ
28 ಜುಲೈ 2024

ತಂಗಿ ವೀಣಳಿಗೆ ಕಾಳಪ್ಪ ಮಾಡುವ ಆಶೀರ್ವಾದ.

ಪೆಟ್ಟಿಗೆ ಕಳಿಸಿದ್ದೇನೆ. ಮರದ ಕೆಲಸ ಶೀಳನೆರೆಯ ಕುಮಾರನದು. ನಮ್ಮ ಚಿಕ್ಕಪ್ಪನ ಮಗನಾದರೂ ಮರ ಕೀಸುವ ರಂದ ಹಿಡಿದರೆ ಮಾತು ಕೇಳುವವನಲ್ಲ. ನನಗಂತೂ ಮಾತೇ ಇಲ್ಲ. ಸ್ಲೇಟಿನಲ್ಲಿ ಬರೆದು ತೋರಿಸುವಷ್ಟರಲ್ಲಿ ಅವನು ಕೊರೆದು ಮುಗಿಸಿರುತ್ತಿದ್ದ. ಒಳಗೆ ಆಡುವ ಹಲಗೆಯ ಸುತ್ತ ಗಾಳಿ ಸೋರದಂತೆ ಚೀನಾದವರು ಹಕ್ಕಿಯ ಪುಕ್ಕ ತುಂಬುತ್ತಿದ್ದರೆಂದು ಚಿತ್ರದ ಕೆಳಗೆ ಬರೆದಿದ್ದೆಯಲ್ಲ, ಕೋಳಿಯ ಪುಕ್ಕ ತರಿಸಿದೆ. ಕಾಳಮ್ಮ ದೇವಿಯ ಫೋಟೋ ಎದುರಿಗೆ ಪುಕ್ಕ ತಂದು ಸುರಿದದ್ದಕ್ಕೆ ನಿನ್ನ ಅತ್ತಿಗೆ ನಿಂಗಮ್ಮ ಒಂದು ದಿನ ನನಗೆ ಊಟ ಕುಕ್ಕಿ ಹೋದಳು.

ನಿಜ ಹೇಳುತ್ತೇನೆ ವೀಣ, ಅದನ್ನು ಕುಲುಮೆಗೆ ಹೂಡಿ ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಉರಿ ಒಂದು ಗಳಿಗೆಯೂ ತಗ್ಗುವುದಿಲ್ಲ. ಅಪ್ಪ, ತಾತ ಎಲ್ಲರೂ ಅರ್ಧ ಗಾಳಿಯಲ್ಲೇ ಬಾಳು ಕಳೆದರು. ಯಾರೋ ಪುಣ್ಯಾತ್ಮ ಎಷ್ಟೋ ಕಾಲದ ಹಿಂದೆ ಇದನ್ನು ಯೋಚಿಸಿದ್ದ, ನಮಗೆ ಯಾರೂ ಹೇಳಲಿಲ್ಲ. ಆಪರೇಷನ್ನಿನಲ್ಲಿ ಮಾಡಿದ ನನ್ನ ಕುತ್ತಿಗೆಯ ತೂತೂ ಹಾಗೇ, ಉಸಿರು ಎಳೆದರೂ ಅಲ್ಲೇ ಬಿಟ್ಟರೂ ಅಲ್ಲೇ. ನಾನೂ ಚೀನಾದ ತಿದಿಯಾಗಿದ್ದೇನೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಭೂಮಿಕ ನಗಲಿಲ್ಲ.

ಕೂಗಲಾಗುವುದಿಲ್ಲವಲ್ಲ, ಒಂದು ಕೈಗಂಟೆ ಇಟ್ಟುಕೊಂಡಿದ್ದೇನೆ. ನಾನೇ ಎರಕ ಹೊಯ್ದದ್ದು. ಒಂದು ಸಲ ಬಾರಿಸಿದರೆ ನೀರು. ಎರಡು ಸಲ ಬಾರಿಸಿದರೆ ನಿಂಗಮ್ಮ ಬರಬೇಕು. ಮೂರು ಸಲ ಬಾರಿಸಿದರೆ ಬೈಯುತ್ತಿದ್ದೇನೆಂದು ಅರ್ಥ. "ಇದೇನು ಮನೆಯೋ ಗುಡಿಯೋ, ಒಂದೇ ಸಮ್ನೆ ಗಂಟೆ ಬಾರಿಸ್ತಾ ಕುಂತವ್ರೆ" ಅನ್ನುತ್ತಾಳೆ ನಿನ್ನ ಅತ್ತಿಗೆ. ಆದರೂ ಓಡಿ ಬರುತ್ತಾಳೆ.

ಮೈಸೂರಿಗೆ ಹೋಗಿ ತೋರಿಸಿಕೊಂಡು ಬಂದೆ. ಎಲ್ಲ ಸರಿಯಿದೆಯಂತೆ. ಮುಂದಿನದು ಏನು ಬೇಕು ಬರೆ.

ಕಾಳಪ್ಪ

*

ಪಾಂಡವಪುರ
6 ಆಗಸ್ಟ್ 2024

ಪ್ರೀತಿಯ ಅಣ್ಣನಿಗೆ,

ಪೆಟ್ಟಿಗೆ ತಿದಿ ನೋಡಲು ಹೆಡ್ಮಾಸ್ಟರೂ ಬಂದಿದ್ದರು. ಸಂತೋಷ್ ಎಳೆದೂ ನೂಕಿಯೂ ಬೂದಿಯನ್ನೆಲ್ಲ ಹುಡುಗಿಯರ ಮುಖಕ್ಕೆ ಊದಿದ. ಈಗ ಚೀನಾ ಮಾಲು ಡೂಪ್ಲಿಕೇಟಲ್ಲ ಅನ್ನುತ್ತಾನೆ.

ನಿನ್ನ ಕಾಗದ ಎಷ್ಟು ಸಲ ಓದಿದೆನೋ. ಆಪರೇಷನ್ ಆದಮೇಲೆ ನೀನು ಇಷ್ಟುದ್ದ ಬರೆದದ್ದು ಇದೇ ಮೊದಲು. ಹೊಟ್ಟೆಕಿಚ್ಚು ಪಡುವಷ್ಟು ಗಟ್ಟಿಯಾಗಿದ್ದೀಯಲ್ಲ, ನನಗೆ ಅದೇ ಸಂತೋಷ.

ನಿನ್ನೆ ಸಿಡಿಮದ್ದಿನ ಪಾಠ ಮಾಡುತ್ತಿದ್ದೆ. ಟಾಂಗ್ ರಾಜರ ಕಾಲದಲ್ಲಿ ಅಲ್ಲಿನ ಕೆಲವು ಸಾಧಕರು ಸಾವೇ ಬರದಂಥ ಔಷಧಿ ಮಾಡಲು ಹೋಗಿ ಗಂಧಕ, ಪೆಟ್ಲುಪ್ಪು ಏನೇನೋ ಬೆರೆಸಿ ಕಾಯಿಸಿದರಂತೆ. ಗಡ್ಡ ಮೀಸೆ ಸುಟ್ಟುಕೊಂಡರು, ಮನೆ ಸುಟ್ಟುಕೊಂಡರು. ಸಿಕ್ಕಿದ್ದು ಸಿಡಿಮದ್ದು. ಹೇಳುತ್ತಿದ್ದ ಹಾಗೆಯೇ ಪಡುವಣ ಬೆಟ್ಟದ ಕಡೆ ಬಂಡೆ ಸಿಡಿಸಿದರು, ಕಿಟಕಿ ಗದಗದ ಅಂದಿತು. ಪಾಠಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಈಗ ದೊಡ್ಡ ಕೆಲಸ. ಇನ್ನೂ ಹಳೆಯ ಕಾಲದ್ದು, ಹಾನ್ ರಾಜರ ಕಾಲದ್ದು. ಝಾಂಗ್ ಹೆಂಗ್ ಎಂಬ ಪಂಡಿತ ಭೂಕಂಪ ಹೇಳುವ ಒಂದು ಕಂಚಿನ ಕೊಡ ಮಾಡಿದ್ದ. ಸುತ್ತ ಎಂಟು ದಿಕ್ಕಿಗೆ ಎಂಟು ಡ್ರ್ಯಾಗನ್ ಮುಖ, ಪ್ರತಿ ಬಾಯಲ್ಲೂ ಒಂದು ಗುಂಡು. ಕೆಳಗೆ ಎಂಟು ಕಪ್ಪೆಗಳು ಬಾಯಿ ತೆರೆದು ಕೂತಿರುತ್ತವೆ. ಎಲ್ಲೋ ದೂರದಲ್ಲಿ ನೆಲ ನಡುಗಿದರೆ ಆ ದಿಕ್ಕಿನ ಗುಂಡು ಕಪ್ಪೆಯ ಬಾಯಿಗೆ ಬೀಳುತ್ತದೆ. ಒಂದು ದಿನ ಗುಂಡು ಬಿತ್ತು, ರಾಜಧಾನಿಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಯಂತ್ರ ಸುಳ್ಳು ಎಂದು ಎಲ್ಲರೂ ಆಡಿಕೊಂಡರು. ಕೆಲವು ದಿನದ ಮೇಲೆ ದೂತ ಬಂದ, ಆ ದಿಕ್ಕಿನ ದೂರದ ಸೀಮೆಯಲ್ಲಿ ನೆಲ ಬಿರಿದ ಸುದ್ದಿ ತಂದ.

ಒಳಗೆ ಏನಿತ್ತೆಂದು ಇವತ್ತಿಗೂ ಸರಿಯಾಗಿ ಯಾರಿಗೂ ಗೊತ್ತಿಲ್ಲ. ನಿನಗೆ ಹೊಳೆದರೆ ನೋಡು. ಅವಸರವಿಲ್ಲ, ಆದರೆ ಬೇಕೇ ಬೇಕು.

ವೀಣ

*

ನಾಗಮಂಗಲ
15 ಸೆಪ್ಟೆಂಬರ್ 2024

ತಂಗಿ ವೀಣಳಿಗೆ,

ಕೊಡ ಬರುತ್ತಿದೆ. ಹುಲ್ಲು ಸುತ್ತಿ ಕಟ್ಟಿದ್ದೇನೆ, ಚಿಕ್ಕಸ್ವಾಮಿ ಡ್ರೈವರ್ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ ಎಂದಿದ್ದಾನೆ. ಬಸ್ಸಿನ ಕುಲುಕಿಗೆ ಬೀಳದಂತೆ ಗುಂಡುಗಳನ್ನು ಬೇರೆ ಗಂಟು ಕಟ್ಟಿದ್ದೇನೆ. ನೀನೇ ಬಾಯಿಗೆ ಇಡು.

ಡ್ರ್ಯಾಗನ್ ಮುಖ ನನಗೆ ಬರಲಿಲ್ಲ. ನೀನು ಕಳಿಸಿದ ಚಿತ್ರದಲ್ಲಿ ಅದು ನಗುತ್ತಿದೆಯೋ ಸಿಟ್ಟಾಗಿದೆಯೋ ಗೊತ್ತಾಗುವುದಿಲ್ಲ. ನಮ್ಮ ದೇವಸ್ಥಾನದ ಯಾಳಿ ಮುಖವನ್ನೇ ಹಾಕಿದ್ದೇನೆ. ಕಪ್ಪೆ ಮಾತ್ರ ನಮ್ಮ ಹಿತ್ತಲಿನದು. ಒಂದನ್ನು ಹಿಡಿದು ಬುಟ್ಟಿಯ ಕೆಳಗೆ ಮುಚ್ಚಿ, ನೋಡಿ ನೋಡಿ ಮೇಣದಲ್ಲಿ ತಿದ್ದಿದೆ. ಕೆಲಸ ಮುಗಿದ ಮೇಲೆ ಬಿಟ್ಟರೂ ಅದು ಹೋಗದೆ ಅಲ್ಲೇ ಕೂತಿತ್ತು.

ಒಳಗೆ ಒಂದು ಕೋಲು ನಿಲ್ಲಿಸಿದ್ದೇನೆ. ಬುಡ ಸಣ್ಣ, ತಲೆ ದಪ್ಪ. ನೆಲ ಅಲುಗಿದರೆ ವಾಲುತ್ತದೆ, ವಾಲಿದ ಕಡೆಯ ಬಾಯಿ ಬಿಡುತ್ತದೆ. ಆ ಪಂಡಿತನೂ ಹೀಗೇ ಮಾಡಿದ್ದನೋ ಏನೋ, ಕೇಳೋಣವೆಂದರೆ ಅವನೂ ಮಾತಾಡುವ ಹಾಗಿಲ್ಲ.

ಬಡಗಣದ ಮುಖವನ್ನು ನಮ್ಮ ಮನೆಯ ಕಡೆಗೆ ತಿರುಗಿಸಿಡು. ನಾನು ಇಲ್ಲಿ ಕಾಲು ಜಾರಿ ಬಿದ್ದರೆ ನಿನಗೆ ತಿಳಿಯಲಿ.

ಅಕ್ಷರ ಸೊಟ್ಟ ಬಂದಿದೆ ಎನ್ನಬೇಡ. ಮಳೆಗಾಲದ ಕೆಮ್ಮು, ಕೈ ಅದುರುತ್ತದೆ. ಬೇರೆ ಏನಿಲ್ಲ.

ಕಾಳಪ್ಪ

*

ನಾಗಮಂಗಲ
16 ಸೆಪ್ಟೆಂಬರ್ 2024

ಅತ್ತೆಗೆ ಭೂಮಿಕಳ ನಮಸ್ಕಾರ.

ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ. ಅವರಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ. ಅದಕ್ಕೆ ಕಾಲೇಜಿನಲ್ಲಿ ಕೂತು ಬರೆಯುತ್ತಿದ್ದೇನೆ.

ಜುಲೈನಲ್ಲಿ ಮೈಸೂರಿಗೆ ಹೋದಾಗ ಡಾಕ್ಟರು ಅಪ್ಪನಿಗೆ ಕುಲುಮೆ ಮುಂದೆ ಕೂರಲೇಬೇಡಿ ಎಂದರು. ಹೊಗೆ, ಬೂದಿ ಮೂಗಿನಿಂದ ಸೋಸಿ ಬರುವುದಿಲ್ಲ, ಕುತ್ತಿಗೆಯ ತೂತಿನಿಂದ ಸೀದಾ ಎದೆಗೆ ಹೋಗುತ್ತದೆ. ಕಫ ಗಟ್ಟಿಯಾಗಿ ಉಸಿರು ಕಟ್ಟಬಹುದು, ಜೀವಕ್ಕೇ ಅಪಾಯ ಎಂದರು. ಅಪ್ಪ ತಲೆ ಆಡಿಸಿದರು. ಮನೆಗೆ ಬಂದ ದಿನವೇ ಇದ್ದಿಲು ತರಿಸಿದರು. ಅವ್ವ ಅತ್ತಿದ್ದಕ್ಕೆ ಸ್ಲೇಟಿನಲ್ಲಿ "ವೀಣನ ಶಾಲೆಗೆ ಬೇಕು, ಅವಳ ಮರ್ಯಾದೆ ಪ್ರಶ್ನೆ" ಎಂದು ಬರೆದರು.

ನೀವು ಬೇಡ ಎಂದರೆ ನಿಲ್ಲಿಸುತ್ತಾರೆ. ನಾನು ಹೇಳಿದೆನೆಂದು ಮಾತ್ರ ಹೇಳಬೇಡಿ ಅತ್ತೆ. ಆಮೇಲೆ ನನ್ನ ಜೊತೆ ಸ್ಲೇಟೂ ಹಿಡಿಯುವುದಿಲ್ಲ.

ಭೂಮಿಕ

*

ಪಾಂಡವಪುರ
20 ಸೆಪ್ಟೆಂಬರ್ 2024

ಅಣ್ಣನಿಗೆ,

ಕೊಡ ತಲುಪಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಪರೀಕ್ಷೆಯ ಕೆಲಸವಿದೆ.

ಕೋಣೆಯ ವಿಚಾರ ಬದಲಾಗಿದೆ. ಬಿಸಿಯೂಟದ ಅಕ್ಕಿ ಮೂಟೆ ಇಡಲು ಬೇಕೆಂದು ಹೆಡ್ಮಾಸ್ಟರು ಕೋಣೆ ತೆಗೆದುಕೊಂಡರು. ಚೀನಾದ ಪಾಠವೂ ಮುಗಿಯಿತು. ಇನ್ನು ಯಾವ ಮಾದರಿಯೂ ಬೇಡ.

ಕೊಡವನ್ನು ಚಿಕ್ಕಸ್ವಾಮಿಯ ಕೈಯಲ್ಲಿ ವಾಪಸ್ಸು ಕಳಿಸುತ್ತಿದ್ದೇನೆ. ಇಲ್ಲಿ ಇದ್ದು ಉಪಯೋಗವಿಲ್ಲ. ಬೆಟ್ಟದಲ್ಲಿ ಬಂಡೆ ಸಿಡಿಸಿದಾಗಲೆಲ್ಲ ಪಡುವಣ ಬಾಯಿಯ ಗುಂಡು ಬೀಳುತ್ತದೆ. ನಿಮ್ಮ ನಡುಮನೆಯ ಗೂಡಿನಲ್ಲಿಟ್ಟುಕೊಳ್ಳಿ, ಭೂಮಿಕಳಿಗೆ ಆಗುತ್ತದೆ. ನೀನು ಕುಲುಮೆಯ ಕಡೆ ಹೋಗಬೇಡ, ಆರಾಮಾಗಿ ಇರು. ಅತ್ತಿಗೆಯ ಮಾತು ಕೇಳು.

ವೀಣ

*

ನಾಗಮಂಗಲ
8 ಅಕ್ಟೋಬರ್ 2024

ತಂಗಿ ವೀಣಳಿಗೆ ಕಾಳಪ್ಪನ ಆಶೀರ್ವಾದ.

ತಪ್ಪು ನನ್ನದೇ. ಕೋಲಿನ ಬುಡ ಸಣ್ಣದಾಗಿತ್ತು. ಬಂಡೆಯ ಸದ್ದಿಗೂ ಭೂಕಂಪಕ್ಕೂ ವ್ಯತ್ಯಾಸ ಗೊತ್ತಾಗದ ಯಂತ್ರ ಯಂತ್ರವಲ್ಲ. ನೀನು ನೇರವಾಗಿ ಹೇಳದೆ ಅಕ್ಕಿ ಮೂಟೆಯ ಕತೆ ಕಟ್ಟಿದೆ. ಅಣ್ಣನಿಗೆ ನೋವಾಗಬಾರದೆಂದು ಹಾಗೆ ಬರೆದೆ, ತಿಳಿಯಿತು. ಕಾಗದ ಓದಿ ಕಣ್ಣಲ್ಲಿ ನೀರು ಬಂದದ್ದು ನಿಜ. ನಲವತ್ತು ವರ್ಷದ ಕೆಲಸದಲ್ಲಿ ನನ್ನ ಎರಕ ತಿರುಗಿ ಬಂದದ್ದು ಇದೇ ಮೊದಲು.

ನಡುಮನೆಯ ಗೂಡಿನಲ್ಲಿಡು ಎಂದು ಹೇಗೆ ಬರೆದೆ? ತಿರುಗಿ ಬಂದ ಎರಕ ನಮ್ಮ ಹೊಸಿಲು ದಾಟುವ ಹಾಗಿಲ್ಲವಲ್ಲ. ಜಗುಲಿಯಲ್ಲೇ ಇಳಿಸಬೇಕು, ಒಡೆದು ಕರಗಿಸಲು ಮೂಸೆಗೆ ಹಾಕಬೇಕು, ಹೊಸದು ಹೊಯ್ದು ಆಯುಧಪೂಜೆಗೆ ಮೊದಲು ಕೊಟ್ಟುಬಿಡಬೇಕು. ಹಾಗೇ ಇಟ್ಟುಕೊಂಡು ಸುತ್ತಿಗೆ ಇಕ್ಕಳಕ್ಕೆ ಹೂವು ಏರಿಸಬಾರದು. ಅಪ್ಪನಿಗೆ ಒಂದು ಸಲ ದೀಪದ ಕಂಬ ತಿರುಗಿ ಬಂದಿತ್ತು. ಚಳಿಜ್ವರದಲ್ಲಿ ಕಂಬಳಿ ಹೊದ್ದುಕೊಂಡೇ ಹೊಯ್ದರು. ಆಗ ತಿದಿ ಎಳೆದವಳು ನೀನೇ, ಎರಡು ಜಡೆಯ ಹುಡುಗಿ.

ಅದಕ್ಕೆ ಕೊಡ ಹೊಸದಾಗಿ ಬರುತ್ತಿದೆ. ಕುಮಾರನಿಂದ ಇನ್ನೊಂದು ಪೆಟ್ಟಿಗೆ ತಿದಿ ತರಿಸಿದೆ. ಬೇಗ ಮುಗಿಯಿತು, ಹೆಚ್ಚು ಹೊತ್ತು ಕೂರಲಿಲ್ಲ. ಕಂಚು ಕರಗಿಸಿದಾಗಲೆಲ್ಲ ಸ್ವಲ್ಪ ಬೆಂಕಿಗೆ ಹೋಗುತ್ತದೆ. ಕೊನೆಯ ಬಾಯಿಗೆ ಲೋಹ ಸಾಲಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಾಕಿದೆ. ಅದು ಬಡಗಣದ ಬಾಯಿ.

ಇನ್ನು ಬಂಡೆಗಿಂಡೆಗೆ ಬೆದರುವುದಿಲ್ಲ. ಶಾಲೆಯಲ್ಲಿ ಜಾಗವಿಲ್ಲದಿದ್ದರೆ ನಿನ್ನ ಮನೆಯಲ್ಲಿಟ್ಟುಕೋ. ತಿರುಗಿ ಕಳಿಸಬೇಡ ವೀಣ, ಇನ್ನೊಂದು ಸಲ ನನ್ನ ಕೈಲಾಗುವುದಿಲ್ಲ.

ಕಾಳಪ್ಪ

*

ಪಾಂಡವಪುರ
10 ಅಕ್ಟೋಬರ್ 2024

ಅಣ್ಣ,

ನಿನ್ನ ಕೊಡವೂ ಕಾಗದವೂ ಈಗ ಬಂದವು. ಫೋನು ಮಾಡಬಹುದಿತ್ತು, ಆದರೆ ನೀನು ಉತ್ತರ ಕೊಡಲಾಗದೆ ಸುಮ್ಮನೆ ಕೇಳಿಸಿಕೊಂಡು ಕೂರುವುದು ನನಗೆ ಬೇಡ. ಓದು, ಆಮೇಲೆ ಸ್ಲೇಟಿನಲ್ಲಿ ಎಷ್ಟು ಬೇಕಾದರೂ ಬೈ.

ನಿನ್ನ ಮೊದಲ ಕೊಡದಲ್ಲಿ ಯಾವ ಊನವೂ ಇರಲಿಲ್ಲ, ಗುಂಡು ಬೀಳುತ್ತದೆಂದು ಬರೆದದ್ದು ಸುಳ್ಳು. ಅಷ್ಟು ಚೆಂದದ್ದನ್ನು ನಾನು ನೋಡೇ ಇಲ್ಲ. ಹೊಗೆಯಿಂದ ನಿನ್ನ ಜೀವಕ್ಕೆ ಅಪಾಯವೆಂದು ನನಗೆ ಗೊತ್ತಾಯಿತು. ಹೇಗೆಂದು ಕೇಳಬೇಡ. ಕೆಲಸ ನಿಲ್ಲಿಸಲೆಂದೇ ಕಳಿಸಿದೆ. ಪ್ರೀತಿಯಿಂದ ಬರೆದರೆ ನೀನು ಕೇಳುವುದಿಲ್ಲವೆಂದು ಒಣಒಣ ಬರೆದೆ. ತಿರುಗಿ ಬಂದ ಎರಕದ ಕಟ್ಟಳೆ ನನಗೆ ಮರೆತೇ ಹೋಗಿತ್ತು. ಆ ತಿದಿ ಎಳೆದವಳು ನಾನೇ, ನನಗೇ ಮರೆಯಿತು.

ಇನ್ನೂ ಒಂದು ಮಾತು. ಶಾಲೆಯಲ್ಲಿ ಕೋಣೆ ಎಂದೂ ಇರಲಿಲ್ಲ. ಒಂದು ಬೀರುವಿನ ಮೇಲೆ ಜಾಗವಿತ್ತು, ಅಷ್ಟೆ. ಆಪರೇಷನ್ ಆದ ದಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಸುಮ್ಮನೆ ಕೂತರೆ ಇವರು ಕುಗ್ಗಿಹೋಗುತ್ತಾರೆ, ಕೈಗೆ ಏನಾದರೂ ಕೆಲಸ ಕೊಡಿ ಎಂದಿದ್ದರು. ಕೆಲಸ ಎಂದರೆ ನನಗೆ ಹೊಳೆದದ್ದು ಕುಲುಮೆ ಒಂದೇ. ನೀನು ಬದುಕಬೇಕೆಂದು ಮಾದರಿ ಕೇಳಿದ್ದು ಅಣ್ಣ, ಮಕ್ಕಳಿಗೆ ಎಂದಲ್ಲ.

ಕುಲುಮೆಗೆ ನೀರು ಹಾಕಿಸು. ನಾಳೆ ಶಾಲೆಯ ಪೂಜೆ ಮುಗಿಸಿ ಭಾನುವಾರ ಬರುತ್ತೇನೆ. ಕೊಡ ನನ್ನ ಹತ್ತಿರವೇ ಇರುತ್ತದೆ.

ನಿನ್ನ ವೀಣ

*

ನಾಗಮಂಗಲ
27 ಅಕ್ಟೋಬರ್ 2024

ಅತ್ತೆಗೆ,

ಅಪ್ಪನ ತಿಥಿಯ ದಿನ ನೀವು ಅವರ ಕೈಗಂಟೆ ಕೇಳಿದಿರಿ. ನೆನಪಿಗೆ ಅದೊಂದನ್ನು ಕೊಡಿ ಎಂದಿರಿ. ಅವ್ವ ಎಲ್ಲೋ ಕಳೆದುಹೋಯಿತು ಎಂದಳು. ಕಳೆದುಹೋಗಿಲ್ಲ ಅತ್ತೆ. ಹೇಳಬೇಡ ಎಂದು ಅವ್ವ ಆಣೆ ಹಾಕಿಸಿದ್ದಾಳೆ, ಆದರೆ ಮನಸ್ಸಿನಲ್ಲೇ ಇಟ್ಟುಕೊಳ್ಳಲು ನನ್ನ ಕೈಲಾಗುತ್ತಿಲ್ಲ.

ಎರಡನೇ ಸಲ ಕೊಡ ಹೊಯ್ಯುವಾಗ ಲೋಹ ಸಾಲಲಿಲ್ಲ. ಅಪ್ಪ ಸುತ್ತ ನೋಡಿದರು, ಗಂಟೆ ಎತ್ತಿ ಮೂಸೆಗೆ ಹಾಕಿಬಿಟ್ಟರು. "ಅಯ್ಯೋ, ಇನ್ನೆಂಗೆ ಕರೀತೀರಿ ನನ್ನ" ಅಂದಳು ಅವ್ವ. ಹಬ್ಬ ಕಳೆದ ಮೇಲೆ ಹೊಸದು ಮಾಡಿಕೊಳ್ಳುತ್ತೇನೆ ಎಂದು ಬರೆದು ತೋರಿಸಿದರು.

ಆಯುಧಪೂಜೆಯ ಮಧ್ಯಾಹ್ನ ಅಪ್ಪ ನಡುಮನೆಯಲ್ಲಿ ಮಲಗಿದ್ದರು. ನಾವಿಬ್ಬರೂ ಜಗುಲಿಯಲ್ಲಿ ಸುತ್ತಿಗೆ, ಇಕ್ಕಳ ತೊಳೆದು ವಿಭೂತಿ ಹಚ್ಚುತ್ತಿದ್ದೆವು. ಬೀದಿಯಲ್ಲಿ ಟ್ರಾಕ್ಟರುಗಳಿಗೆ ಪೂಜೆ, ಒಂದೇ ಗಲಾಟೆ. ಪೂಜೆಗೆ ಕರೆಯಲು ಒಳಗೆ ಹೋದೆ. ಕುತ್ತಿಗೆಯ ತೂತಿನಲ್ಲಿ ಕಫ ಕಟ್ಟಿ ಉಸಿರು ನಿಂತಿತ್ತು. ಅವರ ಬಲಗೈ, ಗಂಟೆ ಇಡುತ್ತಿದ್ದ ಜಾಗದಲ್ಲಿತ್ತು, ಚಾಪೆಯ ಪಕ್ಕದ ನೆಲವನ್ನು ಉಗುರಿನಿಂದ ಕೆರೆದಿದ್ದರು. ಸುಮ್ಮನೆ ಮಲಗಿದ್ದಲ್ಲೇ ಹೋದರು ಎಂದು ನಿಮಗೆ ಹೇಳಿದ್ದು ಸುಳ್ಳು.

ಬಸ್ಸಿಗೂ ಪೂಜೆಯಿದ್ದು ಚಿಕ್ಕಸ್ವಾಮಿಯಣ್ಣ ಅವತ್ತು ತಡವಾಗಿ ಬಂದರು. ನಿಮ್ಮ ಕಾಗದ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. ಅಪ್ಪನ ಹೆಸರಿನ ಕಾಗದ ನಾವು ಒಡೆಯಲಿಲ್ಲ. ಅಂಗಿಯ ಜೇಬಿನಲ್ಲಿಟ್ಟು ಅವರ ಜೊತೆಯಲ್ಲೇ ಮಣ್ಣು ಮಾಡಿದೆವು. ಏನು ಬರೆದಿದ್ದಿರಿ ಅತ್ತೆ?

ನಾನು ಆ ಕಾಗದ ಬರೆಯದಿದ್ದರೆ ನೀವು ಕೊಡ ವಾಪಸ್ಸು ಕಳಿಸುತ್ತಿರಲಿಲ್ಲ. ದಿನವೂ ಅದೇ ಯೋಚನೆ.

ಭೂಮಿಕ

*

ಪಾಂಡವಪುರ
3 ನವೆಂಬರ್ 2024

ಭೂಮಿಕ, ನನ್ನ ಕಂದ,

ನೀನು ಬರೆದದ್ದು ಸರಿಯಾಗಿಯೇ ಇತ್ತು. ನಿನ್ನ ಕಾಗದ ಓದಿ ಮಾಡಬಾರದ್ದನ್ನು ಮಾಡಿದವಳು ನಾನು. ಇದನ್ನು ಇನ್ನೊಂದು ಸಲ ಹೇಳಿಸಬೇಡ, ಮನಸ್ಸಿಗೂ ಹಚ್ಚಿಕೊಳ್ಳಬೇಡ. ಸಾವನ್ನು ತಡೆಯಲು ಹೋಗಿ ಸಿಡಿಮದ್ದು ಮಾಡಿಕೊಂಡವರ ಕತೆ ನಿನ್ನಪ್ಪನಿಗೆ ನಾನೇ ಬರೆದಿದ್ದೆ. ಅದನ್ನು ಮಕ್ಕಳಿಗೆ ನಗುತ್ತ ಪಾಠ ಮಾಡಿದ್ದೆ.

ಆ ಕಾಗದದಲ್ಲಿ ಏನಿತ್ತೆಂದು ಕೇಳಿದ್ದೀಯ. ಅವನ ಮೊದಲ ಕೊಡದಲ್ಲಿ ಯಾವ ಊನವೂ ಇರಲಿಲ್ಲ ಎಂದು ಬರೆದಿದ್ದೆ. ಅದು ಅವನಿಗೆ ಗೊತ್ತಾಗಲಿಲ್ಲ. ತನ್ನ ಕೆಲಸ ಕೆಟ್ಟಿತ್ತು ಎಂದುಕೊಂಡೇ ಹೋದ.

ಆಯುಧಪೂಜೆಯ ದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದು ಕೊಡವನ್ನು ಒರೆಸುತ್ತಿದ್ದೆ. ಬಡಗಣದ ಮುಖವನ್ನು ಅವನು ಹೇಳಿದ ಹಾಗೆಯೇ ನಿಮ್ಮ ಮನೆಯ ಕಡೆಗೆ ತಿರುಗಿಸಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿದೆ. ಎಂಟು ಬಾಯಲ್ಲೂ ಗುಂಡು ಹಾಗೇ ಇತ್ತು. ನಿನ್ನ ಫೋನು ಬರುವವರೆಗೂ ನನಗೆ ಏನೂ ಅನ್ನಿಸಲಿಲ್ಲ. ನಿನ್ನೆಯೂ ಬೆಟ್ಟದಲ್ಲಿ ಬಂಡೆ ಸಿಡಿಸಿದರು, ಪಡುವಣ ಗುಂಡು ಅಲುಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಾನೆ.

ಅತ್ತಿಗೆಗೆ ಹೇಳು, ಗಂಟೆ ನನ್ನ ಹತ್ತಿರವಿದೆ. ನಿನ್ನ ಕಾಗದ ಓದಿದ ಮೇಲೆ ಬಡಗಣದ ಬಾಯಿಯನ್ನು ಉಗುರಿನಿಂದ ತಟ್ಟಿದೆ. ಮಿಕ್ಕ ಏಳಕ್ಕಿಂತ ಬೇರೆ ಸದ್ದು ಬಂದ ಹಾಗೆ ಕೇಳಿಸಿತು. ನಿಜವೋ, ನನ್ನ ಮನಸ್ಸಿನದೋ ಗೊತ್ತಿಲ್ಲ. ಇನ್ನೊಂದು ಸಲ ತಟ್ಟಿದೆ. ಮೂರನೆಯ ಸಲವೂ ತಟ್ಟಿ, ಅಣ್ಣ ಬೈಯಲಿ ಎಂದು ಅಲ್ಲೇ ನಿಂತೆ.

ಯಾರೂ ಬೈಯಲಿಲ್ಲ.

ನಿನ್ನ ಅತ್ತೆ
ವೀಣ